ರೆ ನುಂಗಿದವರು

ಅಪ್ಪನ ಹುಬ್ಬು ಒಡೆದದ್ದು ಅವನು ಅನ್ನಕ್ಕೆ ಮಜ್ಜಿಗೆ ಕಲಸುತ್ತಿದ್ದಾಗ. ಭಾನುವಾರ, ಮಧ್ಯಾಹ್ನ ಮೂರೂಕಾಲು. ಮನೆಯಲ್ಲಿ ಇದ್ದದ್ದು ನಾನು, ಅಪ್ಪ, ನನ್ನ ಮಗಳು ಇಂಚರ, ಮೂವರೇ. ಯಾರೂ ಅವನನ್ನು ಮುಟ್ಟಿರಲಿಲ್ಲ, ಅವನೂ ಎಲ್ಲಿಗೂ ತಗಲಿಸಿಕೊಂಡಿರಲಿಲ್ಲ. ತಲೆ ಒಮ್ಮೆ ಎಡಕ್ಕೆ ಹೊರಳಿತು. ಬಲ ಹುಬ್ಬಿನ ಮೇಲೆ ಒಂದು ಗೆರೆ ಬಿರಿಯಿತು. ರಕ್ತ ಮೂಗಿನ ಪಕ್ಕದಲ್ಲಿ ಇಳಿದು ಮಜ್ಜಿಗೆಗೆ ಬಿತ್ತು. "ತಟ್ಟೆ ತೆಗಿ," ಅಂದ, ಅಷ್ಟೇ. ಇಂಚರ ಎದ್ದು ಹೋಗಿ ಬಟ್ಟೆ ತಂದಳು. ಅವಳಿಗೆ ಒಂಬತ್ತು ವರ್ಷ. ಬಟ್ಟೆ ಎಲ್ಲಿದೆ ಎಂದು ಅವಳು ಕೇಳುವುದಿಲ್ಲ. ಆಮೇಲೆ ದೂರದಿಂದ ಪೀಪಿಯ ಸದ್ದು ಕೇಳಿಸಿತು. ಕಟ್ಟೆಯ ಮೇಲೆ ಯಾರೋ ರೆ ನುಂಗಿದ್ದರು.

ನಮ್ಮ ಊರಿನಲ್ಲಿ ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು ರೆ ಕಲಿಸುತ್ತಾರೆ. ಹೊಡೆದಿದ್ದರೆ, ಬಿದ್ದಿದ್ದರೆ, ಎದ್ದಿದ್ದರೆ. ಮಾತಿನ ಕಟ್ಟೆಯ ಮೇಲೆ ನಿಂತು ಆ ಪಂದ್ಯದ ಬಗ್ಗೆ ಮಾತಾಡುವಾಗ ರೆ ಇರಲೇಬೇಕು. ಇದ್ದರೆ ಮಾತು ಮಾತಾಗಿಯೇ ಉಳಿಯುತ್ತದೆ. ಬಿಟ್ಟರೆ ಯಾರ ಮೇಲೆ ಆಡಿದ್ದೋ ಅವರ ಮೈಗೆ ಹೋಗಿ ತಗಲುತ್ತದೆ. ಅದರಲ್ಲೂ ತರತಮವಿದೆ. "ಹೊಡೆದಿದ್ದರೆ ಬೀಳುತ್ತಿದ್ದ" ಅಂದರೆ ಏನೂ ಆಗುವುದಿಲ್ಲ. ರೆ ಬಿಟ್ಟು ಬರೀ "ಬೀಳುತ್ತಿದ್ದ" ಅಂದರೆ ಊತ. "ಬಿದ್ದ" ಅಂದರೆ ರಕ್ತ. ನಮ್ಮ ಕಾಂಪೌಂಡರಿಗೆ ವ್ಯಾಕರಣದ ಗಂಧವಿಲ್ಲ, ಆದರೆ ಗಾಯ ನೋಡಿ ಕ್ರಿಯಾಪದ ಹೇಳುತ್ತಾರೆ.

ಪಂದ್ಯ ಯಾವುದು ಎಂದರೆ, ನಡೆಯದೆ ಹೋದದ್ದು. ಬೋಗಿ ರಿಪೇರಿ ಶೆಡ್ಡಿನ ಚೌಡಪ್ಪ, ಅಂದರೆ ನಮ್ಮಪ್ಪ, ಮತ್ತು ಹೆಂಚಿನ ಕಾರ್ಖಾನೆಯ ದಸ್ತಗೀರ. ಇಬ್ಬರೂ ಹೆವಿವೇಟು. ಗೂಡ್ಸ್ ಶೆಡ್ಡಿನ ತಕ್ಕಡಿಯಲ್ಲಿ ನಿಲ್ಲಿಸಿದಾಗ ಅಪ್ಪ ತೊಂಬತ್ತಾರು ಕಿಲೋ, ದಸ್ತಗೀರ ತೊಂಬತ್ತೆಂಟು. ಹೊರಗಿನಿಂದ ಬಂದ ಬಾಕ್ಸರುಗಳನ್ನೆಲ್ಲ ಇಬ್ಬರೂ ಬೇರೆ ಬೇರೆಯಾಗಿ ಮಲಗಿಸಿದ್ದರು, ಒಬ್ಬರ ಎದುರು ಒಬ್ಬರು ಮಾತ್ರ ನಿಂತಿರಲಿಲ್ಲ. ನಲವತ್ತೊಂದು ವರ್ಷದ ಹಿಂದೆ ಒಂದು ಸಂಜೆ ಸಂತೆ ಮೈದಾನದಲ್ಲಿ ಹಗ್ಗ ಕಟ್ಟಿದರು, ಊರೆಲ್ಲ ಬಂತು, ಪಂದ್ಯ ನಡೆಯಲಿಲ್ಲ. ನಡೆದಿದ್ದರೆ ಒಂದು ಗಂಟೆಯಲ್ಲಿ ಮುಗಿಯುತ್ತಿತ್ತು. ಒಬ್ಬರ ಮೂಗು ಮುರಿಯುತ್ತಿತ್ತು, ತಿಂಗಳಲ್ಲಿ ಕೂಡಿಕೊಳ್ಳುತ್ತಿತ್ತು. ನಡೆಯಲಿಲ್ಲವಾದ್ದರಿಂದ ಮುಗಿಯಲೂ ಇಲ್ಲ. ಮುಂದಿನ ಭಾನುವಾರವೇ ಕಟ್ಟೆಯ ಮೇಲೆ ವಾದ ಶುರುವಾಯಿತು: ನಡೆದಿದ್ದರೆ ಗೆಲ್ಲುತ್ತಿದ್ದವರು ಯಾರು? ಮೊದಲ ಸುತ್ತನ್ನು ಮಾತಾಡಿ ಮುಗಿಸುವುದಕ್ಕೇ ಆರು ವರ್ಷ ಹಿಡಿಯಿತಂತೆ.

ಊರು ಇದಕ್ಕೆ ಚೆನ್ನಾಗಿ ಹೊಂದಿಕೊಂಡಿತು. ಊರಿಗೇನು, ಮೈ ಅದರದ್ದಲ್ಲ. ಭಾನುವಾರ ಎರಡೂವರೆಗೆ ಕುರ್ಚಿ ಹಾಕುತ್ತಾರೆ, ಮೂರಕ್ಕೆ ಗಂಟೆ ಬಾರಿಸುತ್ತಾರೆ, ಒಬ್ಬೊಬ್ಬರಾಗಿ ಕಟ್ಟೆ ಹತ್ತುತ್ತಾರೆ. ರೆ ಕಾಯುವುದಕ್ಕೆಂದೇ ಕೆಂಚಪ್ಪ ಎಂಬವನನ್ನು ಪೀಪಿ ಕೊಟ್ಟು ನಿಲ್ಲಿಸಿದ್ದಾರೆ. ಅವನು ಪೀಪಿ ಬಾಯಿಗಿಡುವಷ್ಟರಲ್ಲಿ ಪೆಟ್ಟು ನಮ್ಮ ಮನೆ ತಲುಪಿರುತ್ತದೆ. ಔಷಧಿ ಅಂಗಡಿಯವನು ಶನಿವಾರವೇ ಹತ್ತಿ, ಟಿಂಚರು ತರಿಸಿಡುತ್ತಾನೆ. ನಮ್ಮ ಮನೆಯಲ್ಲೂ ಒಂದು ಕ್ರಮವಿತ್ತು. ಎರಡೂಮುಕ್ಕಾಲಿಗೆ ಅಪ್ಪ ಕನ್ನಡಕ ತೆಗೆದು ನನ್ನ ಕೈಗೆ ಕೊಡುತ್ತಿದ್ದ, ಹಲ್ಲಿನ ಸೆಟ್ಟನ್ನು ಲೋಟಕ್ಕೆ ಹಾಕುತ್ತಿದ್ದ, ಟವೆಲು ಸುತ್ತಿ ಬಾಯಲ್ಲಿ ಕಚ್ಚಿಕೊಂಡು ಹಾಸಿಗೆ ಸುರುಳಿಗೆ ಒರಗಿ ಐದು ಗಂಟೆಯವರೆಗೆ ಕೂರುತ್ತಿದ್ದ. ಆ ಭಾನುವಾರ ನಾನು ಲಾರಿ ಟಾರ್ಪಾಲಿನ್ ಹೊಲಿಯುವುದರಲ್ಲಿ ಊಟಕ್ಕೆ ತಡಮಾಡಿದ್ದೆ. ಅದಕ್ಕೇ ರಕ್ತ ಮಜ್ಜಿಗೆಗೆ ಬಿತ್ತು.

ಅಮ್ಮ ಇದ್ದಾಗ ಒಮ್ಮೆ ತಡೆಯಲಾರದೆ ಕಟ್ಟೆ ಹತ್ತಿದ್ದಳು. "ಗಾಯ ಮಾಯಿತು, ಗಾಯ ಮಾಯಿತು" ಎಂದು ಗಂಟಲು ಒಣಗುವವರೆಗೆ ಹೇಳಿದಳು. ಒಂದೂ ಮಾಯಲಿಲ್ಲ. ಮೊದಲ ಸಾಲಿನವರು ಸಮಾಧಾನವಾಗಿ ತಿಳಿಹೇಳಿ ಕಳಿಸಿದರಂತೆ, ಆ ಸಂಜೆ ಮೈದಾನದಲ್ಲಿ ಆಗಬಹುದಾಗಿದ್ದ ಮಾತು ಮಾತ್ರ ತಗಲುತ್ತೆ ತಾಯಿ, ಪಂದ್ಯದ ಮಧ್ಯೆ ಗಾಯ ಮಾಯುವುದು ಎಲ್ಲಿಂದ ಬಂತು, ಎಂದು. ಅವಳು ಮನೆಗೆ ಬಂದಾಗ ಅಪ್ಪ, ಇನ್ನು ನಮ್ಮ ಮನೆಯವರು ಯಾರೂ ಆ ಕಟ್ಟೆ ಹತ್ತಕೂಡದು ಅಂದ. ಯಾಕೆ ಎಂದು ಹೇಳಲಿಲ್ಲ. ಅವನು ಯಾವುದಕ್ಕೂ ಯಾಕೆ ಎಂದು ಹೇಳಿದವನಲ್ಲ.

ಇನ್ನೊಂದು ಪದ್ಧತಿಯೂ ಇದೆ. ರೆ ನುಂಗಿದವನು ಸೋಮವಾರ ಬೆಳಿಗ್ಗೆ ಒಂದು ಚಿಪ್ಪು ಬಾಳೆಹಣ್ಣು ತಂದು ಜಗಲಿಯ ಮೇಲಿಟ್ಟು "ಬಾಯಿ ತಪ್ಪಿ ಬಂತು" ಎನ್ನಬೇಕು. ಅಪ್ಪ "ಇರಲಿ ಬಿಡು" ಎನ್ನಬೇಕು. ನಾನು ಬೆಳೆದದ್ದೇ ಆ ಹಣ್ಣು ತಿಂದು. ಶಾಲೆಯ ಡಬ್ಬಿಯಲ್ಲಿ ಬಾಳೆಹಣ್ಣು, ಜ್ವರ ಬಂದಾಗ ಬಾಳೆಹಣ್ಣು, ಬಾಣಂತಿಯಾಗಿ ಮಲಗಿದ್ದಾಗ ತಲೆದಿಂಬಿನ ಹತ್ತಿರ ಬಾಳೆಹಣ್ಣು. ಇವತ್ತಿಗೂ ಬಾಳೆಹಣ್ಣಿನ ಗಾಡಿ ಕಂಡರೆ ರಸ್ತೆಯ ಆಚೆ ಬದಿಗೆ ದಾಟುತ್ತೇನೆ.

ಆ ಸೋಮವಾರ ಚಿಪ್ಪು ಹಿಡಿದು ಬಂದವನು ಅಕ್ಕಿ ಗಿರಣಿ ತಿಪ್ಪೇಶಿ, ದಸ್ತಗೀರನ ಕಡೆಯ ದೊಡ್ಡ ವಾದಿ. ಮುಖದಲ್ಲಿ ನಾಚಿಕೆಗಿಂತ ಹೆಚ್ಚಾಗಿ ಹೆಮ್ಮೆಯಿತ್ತು. "ಏನ್ ಮಾಡ್ಲಿ ಚೌಡಪ್ಪಣ್ಣ, ಆ ಎಡಗೈ ಹುಕ್ಕು ಅಷ್ಟು ಚೆನ್ನಾಗಿ ಕೂತ್ಕೊಳ್ತು, ರೆ ಹಾಕಕ್ಕೆ ಮನಸ್ಸೇ ಬರಲಿಲ್ಲ," ಅಂದ. ಅಪ್ಪ ಇರಲಿ ಬಿಡು ಅಂದ. ನಾನು ಅಂಗಳದಲ್ಲಿ ಟಾರ್ಪಾಲಿನ್ ಹರವಿಕೊಂಡು ದಬ್ಬಣ ಹಿಡಿದು ಕೂತಿದ್ದೆ. ಆ ದಬ್ಬಣ ಎರಡು ಬೆರಳಿನಷ್ಟು ಉದ್ದ, ಎಂಟು ಪದರ ಬಟ್ಟೆಯೊಳಗೆ ಹೋಗುತ್ತದೆ. ತಿಪ್ಪೇಶಿಯ ಚರ್ಮ ಅಷ್ಟು ದಪ್ಪವಿದೆಯೋ ಇಲ್ಲವೋ ಎಂದು ನೋಡುವ ಆಸೆಯನ್ನು ತಡೆದುಕೊಂಡೆ. ಅವನು ಹೋಗುವ ಮೊದಲು ಇನ್ನೊಂದು ಸುದ್ದಿ ಹೇಳಿದ. ಊರಿಗೆ ನೂರು ವರ್ಷ ತುಂಬುತ್ತಿದೆಯಲ್ಲ, ಊರಬಾಗಿಲಿಗೆ ಕಲ್ಲು ನಿಲ್ಲಿಸುತ್ತಾರೆ, ಕಲ್ಲಿನ ಮೇಲೆ ಗೆದ್ದವರ ಹೆಸರು ಕೆತ್ತಬೇಕು. ಅದಕ್ಕೇ ಬರುವ ಭಾನುವಾರ ಹನ್ನೆರಡನೇ ಸುತ್ತನ್ನು ಮುಗಿಸುತ್ತಾರಂತೆ. ಕೊನೆಯ ಸುತ್ತು. ಪಾಯಿಂಟಿನ ಮೇಲೆ ಬೇಡ, ನಾಕ್‌ಔಟೇ ಆಗಬೇಕು ಎಂದು ತೀರ್ಮಾನವಾಗಿದೆಯಂತೆ.

ಹತ್ತು ಗಂಟೆಗೆ ಕಾಂಪೌಂಡರು ಬಂದು, ಹಿಂದಿನ ದಿನ ಹಾಕಿದ್ದ ಹೊಲಿಗೆ ನೋಡಿ ಪಟ್ಟಿ ಬದಲಿಸಿದರು. ಕೈ ತೊಳೆಯುವಾಗ ನನ್ನನ್ನು ಬಚ್ಚಲ ಹತ್ತಿರ ಕರೆದು, "ನೋಡಮ್ಮ ಚೆಲುವಿ, ಇನ್ನೊಂದು ಹಿಂಗೆ ಬಿದ್ರೆ ಹೋಗೋದು ಕಣ್ಣಲ್ಲ, ಆಳೇ. ತಲೆ ಒಳಗೆ ತಡೆಯೋ ಶಕ್ತಿ ಇಲ್ಲ," ಅಂದರು. ಆಮೇಲೆ ಟವೆಲಿಗೆ ಕೈ ಒರೆಸುತ್ತ, ತಮಗೇ ಎಂಬಂತೆ, ಇದು ಗ್ಲೌಸಿನ ಪೆಟ್ಟಲ್ಲ ಅಂದರು. ಗ್ಲೌಸಿನಲ್ಲಿ ಹೊಡೆದರೆ ಜಜ್ಜುತ್ತದಂತೆ, ಹೀಗೆ ಸೀಳುವುದಿಲ್ಲವಂತೆ. ಇದು ಬರಿಗೈ, ಗೆಣ್ಣಿನ ಗುರುತು. ಮೊದಲಿನಿಂದ ಎಲ್ಲ ಗಾಯವೂ ಹೀಗೇ ಇವೆ.

ನಲವತ್ತೊಂದು ವರ್ಷ ಮಾತಾಡಿದವರಲ್ಲಿ ಒಬ್ಬನೂ ತನ್ನ ಮಾತಿನಲ್ಲಿ ಆ ಇಬ್ಬರ ಕೈಗೆ ಗ್ಲೌಸು ತೊಡಿಸಿರಲಿಲ್ಲ. ಅದು ನನಗೆ ಆ ಹೊತ್ತು ಬಚ್ಚಲ ಬಾಗಿಲಲ್ಲಿ ತಿಳಿಯಿತು. ಅಷ್ಟು ವರ್ಷದಲ್ಲಿ ಕಾಲಿನ ಚಲನೆ ಮಾತಾಡಿದ್ದರು, ಗಾಳಿ ಯಾವ ದಿಕ್ಕಿನಿಂದ ಬೀಸುತ್ತಿತ್ತು ಎಂದು ಮೂರು ತಿಂಗಳು ಮಾತಾಡಿದ್ದರು. ಗ್ಲೌಸು ಮಾತ್ರ ಯಾರಿಗೂ ನೆನಪಾಗಿರಲಿಲ್ಲ.

ಸಂಜೆ ಪಾಲಾಕ್ಷ ಮೇಷ್ಟ್ರ ಮನೆಗೆ ಹೋದೆ. ನಿವೃತ್ತ ಮೇಷ್ಟ್ರು, ವಾದದ ಅಧ್ಯಕ್ಷರು, ಅಪ್ಪನ ಕಡೆಯವರು. ಪಂದ್ಯ ಏರ್ಪಡಿಸಿದ್ದ ಕಮಿಟಿಯಲ್ಲೂ ಇದ್ದವರು. ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಎಳೆದು ಅದರೊಳಗೆ ಎರಡು ಮಸಿಕುಡಿಕೆ ಇಟ್ಟುಕೊಂಡು, ಒಂದನ್ನು ಒಂದರ ಸುತ್ತ ತಿರುಗಿಸುತ್ತ ಕೂತಿದ್ದರು. ನನ್ನನ್ನು ನೋಡಿ ಎದ್ದು ನಿಂತರು. ಚೌಡಪ್ಪನ ಮಗಳು ಎಂದರೆ ಅವರಿಗೆ ಅಷ್ಟು ಗೌರವ. ಈ ವಾದ ನಿಲ್ಲಿಸಿ ಅಂದೆ, ಕಾಂಪೌಂಡರು ಹೇಳಿದ್ದನ್ನೂ ಹೇಳಿದೆ. ಅವರ ಕಣ್ಣಲ್ಲಿ ನಿಜವಾಗಿಯೂ ನೀರು ಬಂತು. ಅದನ್ನು ಕಂಡು ನನ್ನ ಕೋಪ ಇನ್ನೂ ಏರಿತು.

"ನಿಮ್ಮಪ್ಪನ್ನ ಗೆಲ್ಸೋಕೇ ಅಲ್ವೇನಮ್ಮ ನಾನು ಇಷ್ಟು ವರ್ಷ ಗಂಟಲು ಹರ್ಕೊಂಡಿರೋದು? ಈಗ ನಿಲ್ಸು ಅಂತೀಯ, ಕಲ್ಲಿನ ಮೇಲೆ ಅವನ ಹೆಸರು ಬರೋ ಹೊತ್ತಲ್ಲಿ."

ನಾನು ಗ್ಲೌಸಿನ ಮಾತೆತ್ತಿದೆ. ಅವರು ಬಗ್ಗಿ ಒಂದು ಮಸಿಕುಡಿಕೆಯನ್ನು ಅರ್ಧ ಇಂಚು ಸರಿಸಿದರು. ಅವೆಲ್ಲ ಸಣ್ಣ ವಿಷಯ, ವಾದದೊಳಗೆ ಬರುವುದಿಲ್ಲ ಎಂದರು. ದಸ್ತಗೀರನ ಮೇಲೆ ನೀವು ಎಷ್ಟು ಸಲ ರೆ ನುಂಗಿದ್ದೀರಿ ಎಂದು ಕೇಳಿದೆ. ಒಂದೋ ಎರಡೋ, ಬಾಯಿ ತಪ್ಪಿ, ಎಂದರು. ಮರುದಿನ ತಾನೇ ಹಣ್ಣು ಕಳಿಸಿದ್ದೇನೆ ಎಂದೂ ಸೇರಿಸಿದರು. ಹೊರಡುವಾಗ ಬಾಗಿಲವರೆಗೆ ಬಂದು, ವಾದಕ್ಕೆ ವಾದದಲ್ಲೇ ಉತ್ತರ ಕೊಡಬೇಕು, ಕಟ್ಟೆ ಯಾರಪ್ಪನದೂ ಅಲ್ಲ, ಯಾರು ಬೇಕಾದರೂ ಹತ್ತಬಹುದು ಎಂದರು.

ದಸ್ತಗೀರನ ಮನೆಗೆ ನಾನು ಅದುವರೆಗೆ ಕಾಲಿಟ್ಟಿರಲಿಲ್ಲ. ಎರಡು ಮನೆಯವರು ಸೇರಿದರೆ ವಾದ ಕೆಡುತ್ತದೆ ಎಂದು ಊರಿನ ನಂಬಿಕೆ. ಹೆಂಚಿನ ಕಾರ್ಖಾನೆಯ ಹಿಂದಿನ ಬೀದಿ ನಮ್ಮ ಮನೆಯಿಂದ ಹತ್ತು ನಿಮಿಷದ ದಾರಿ. ಆ ಹತ್ತು ನಿಮಿಷ ನಡೆಯುವುದಕ್ಕೆ ನಮಗೆ ನಲವತ್ತೊಂದು ವರ್ಷ ಬೇಕಾಯಿತು. ಮಂಗಳವಾರ ಟಾರ್ಪಾಲಿನ್ ಕೊಟ್ಟು ಬರುವಾಗ ಹೋದೆ. ಬಾಗಿಲ ಪಕ್ಕದ ಮೊಳೆಗೆ ಬಾಳೆಹಣ್ಣಿನ ಚಿಪ್ಪು ತೂಗುತ್ತಿತ್ತು. ಒಳಗೆ ಗೋಡೆಗೆ ಸುರುಳಿ ಹಾಸಿಗೆ, ಅದಕ್ಕೆ ಒರಗಿ ಒಬ್ಬ ದೊಡ್ಡ ಮುದುಕ, ಪಕ್ಕದಲ್ಲಿ ಲೋಟ, ಲೋಟದಲ್ಲಿ ಹಲ್ಲು. ಸೊಸೆ ಖಮರ್ ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದಳು. ನಾನೂ ಅವಳ ಗುರುತು ಹಿಡಿದೆ. ಇಬ್ಬರ ಬೆರಳ ತುದಿಗೂ ಟಿಂಚರಿನ ಹಳದಿ ಹತ್ತಿತ್ತು.

ದಸ್ತಗೀರನ ದವಡೆ ಒಂದು ಕಡೆಗೆ ವಾಲಿದೆ, ಮಾತು ಜೊಲ್ಲಿನೊಂದಿಗೆ ಬರುತ್ತದೆ. ನಿಧಾನವಾಗಿ ಹೇಳಿದ. ಗ್ಲೌಸು ತರಿಸುತ್ತೇವೆ ಎಂದು ಕಮಿಟಿಯವರು ಹೇಳಿದ್ದರಂತೆ. ಆ ಸಂಜೆ ಇಬ್ಬರೂ ಹಗ್ಗದೊಳಗೆ ಹೋಗಿ ನಿಂತ ಮೇಲೆ ನೋಡಿದರೆ ಗ್ಲೌಸಿಲ್ಲ. ಎಲ್ಲಿ ಎಂದು ಕೇಳಿದ್ದಕ್ಕೆ ಮೊದಲ ಸಾಲಿನಿಂದ ಪಾಲಾಕ್ಷ ಮೇಷ್ಟ್ರು ಎದ್ದು, ಕೈ ಇದೆಯಲ್ಲ, ಸಾಲದಾ, ಎಂದು ಕೇಳಿದರಂತೆ. ಮೈದಾನವೆಲ್ಲ ನಕ್ಕಿತಂತೆ.

"ಬೇಟಿ, ನಮ್ಮ ಕೈ ನಮಗೆ ಗೊತ್ತಿತ್ತು. ಬರಿಗೈಲಿ ಹೊಡೆದ್ರೆ ಇಬ್ರಲ್ಲಿ ಒಬ್ಬ ಸಾಯ್ತಾನೆ. ನಿಮ್ಮಪ್ಪ ನನ್ನ ನೋಡ್ದ. ನಾನು ಅವನ್ನ ನೋಡ್ದೆ. ಒಂದು ಮಾತಿಲ್ಲ. ಹಗ್ಗ ಎತ್ತಿ ಇಬ್ರೂ ಒಟ್ಟಿಗೇ ಇಳಿದ್ವಿ. ಅವನು ಆ ಕಡೆ, ನಾನು ಈ ಕಡೆ, ಮನೆಗ್ ಹೋದ್ವಿ. ಅಷ್ಟೇ."

ಅಷ್ಟೇ. ಇಬ್ಬರು ಗಂಡಸರು ಒಬ್ಬರನ್ನೊಬ್ಬರು ಕೊಲ್ಲುವುದಿಲ್ಲ ಎಂದು ಇಳಿದು ಮನೆಗೆ ಹೋದದ್ದನ್ನು ಈ ಊರಿಗೆ ಸಹಿಸಲು ಆಗಲಿಲ್ಲ. ಅವರಿಂದ ಆ ಪಂದ್ಯವನ್ನು ಇಷ್ಟು ವರ್ಷ ತುತ್ತು ತುತ್ತಾಗಿ ಕಿತ್ತುಕೊಂಡು ತಿಂದಿತು. ಖಮರ್ ಚಹಾ ಕೊಟ್ಟಳು. ಭಾನುವಾರ ಅಪ್ಪನನ್ನು ಇಲ್ಲಿಗೇ ಕರೆತರುತ್ತೇನೆ, ಇಬ್ಬರೂ ಒಂದೇ ಕಡೆ ಇದ್ದರೆ ನೀನು ನೋಡಿಕೊಳ್ಳುತ್ತೀಯಾ ಎಂದು ಕೇಳಿದೆ. ನೀನು ಎಲ್ಲಿಗೆ ಹೋಗುತ್ತೀ ಎಂದು ಅವಳು ಕೇಳಲಿಲ್ಲ. ಕಾಂಪೌಂಡರನ್ನೂ ಬರಹೇಳುತ್ತೇನೆ ಅಂದಳು.

ದಸ್ತಗೀರನ ಮನೆಗೆ ಎಂದಾಗ ಅಪ್ಪ ಕೈಯಲ್ಲಿದ್ದ ಲೋಟ ಕೆಳಗಿಟ್ಟ. ಆಮೇಲೆ ಇಸ್ತ್ರಿ ಮಾಡಿದ ಅಂಗಿ ಇದೆಯಾ ಎಂದು ಕೇಳಿದ. ಭಾನುವಾರ ಒಂದೂವರೆಗೆ ಆಟೋದಲ್ಲಿ ಕರೆದುಕೊಂಡು ಹೋದೆ, ಇಂಚರಳೂ ಬಂದಳು. ಇಬ್ಬರೂ ಎದುರು ಬದುರು ಕೂತು ಒಬ್ಬರ ಮುಖವನ್ನು ಒಬ್ಬರು ಓದುವ ಹಾಗೆ ನೋಡಿದರು. ಮೊದಲು ಮಾತಾಡಿದವನು ದಸ್ತಗೀರ.

"ಆ ಮೂಗು ನಂದಾ?"

"ನಿಂದೇ," ಅಂದ ಅಪ್ಪ. "ಮೂರನೇ ಸುತ್ತು."

"ಚೆನ್ನಾಗಿ ಬಿದ್ದಿದೆ."

"ನಿನ್ನ ದವಡೆ?"

"ಎಂಟನೇದು. ಇಪ್ಪತ್ತು ದಿವಸ ಬರೀ ಗಂಜಿ ಕುಡಿಸ್ದೆ ಮಾರಾಯ ನಂಗೆ."

ಇಬ್ಬರೂ ನಕ್ಕರು. ಅಪ್ಪ ನಗುವುದನ್ನು ನಾನು ಎಷ್ಟೋ ವರ್ಷದಿಂದ ನೋಡಿರಲಿಲ್ಲ, ನಕ್ಕರೆ ಹೊಲಿಗೆ ಎಳೆಯುತ್ತದೆ. ಎರಡೂಮುಕ್ಕಾಲಿಗೆ ಕನ್ನಡಕ ತೆಗೆದು ನನ್ನ ಕೈಗೆ ಕೊಡುತ್ತ ನನ್ನ ಮುಖ ನೋಡಿದ. ಹತ್ತಬೇಡ ಅಂದ. ಹತ್ತುವುದಿಲ್ಲ, ಕೆಳಗೆ ನಿಂತು ಕೇಳಿ ಬರುತ್ತೇನೆ ಅಂದೆ. ಅಪ್ಪನಿಗೆ ನಾನು ಹೇಳಿದ ದೊಡ್ಡ ಸುಳ್ಳು ಅದೇ.

ಕಟ್ಟೆಯ ಮುಂದೆ ಆವತ್ತು ಕುರ್ಚಿ ಸಾಲದೆ ಚಾಪೆ ಹಾಸಿದ್ದರು. ಪಂದ್ಯದ ದಿನ ಮೊದಲ ಸಾಲಿನಲ್ಲಿ ಕೂತಿದ್ದವರಲ್ಲಿ ಉಳಿದಿದ್ದ ಒಂಬತ್ತು ಜನ ಇವತ್ತೂ ಮೊದಲ ಸಾಲಿನಲ್ಲೇ ಕೂತಿದ್ದರು. ನಡುವೆ ಪಾಲಾಕ್ಷ ಮೇಷ್ಟ್ರು, ಅವರ ಬಲಕ್ಕೆ ತಿಪ್ಪೇಶಿ. ಚಹಾದ ಹುಡುಗಿಯರು ಓಡಾಡುತ್ತಿದ್ದರು, ಕಡಲೆಕಾಯಿ ಸಿಪ್ಪೆ ಕಾಲಿಗೆ ಸಿಗುತ್ತಿತ್ತು. ಮೂರಕ್ಕೆ ಗಂಟೆಯಾಯಿತು. ತಿಪ್ಪೇಶಿ ಹತ್ತಿದ. ಹನ್ನೆರಡನೇ ಸುತ್ತು ಶುರುವಾಗಿದ್ದರೆ ಎಂದು ನಿಧಾನವಾಗಿ ಎತ್ತಿಕೊಂಡ. ಇಬ್ಬರೂ ದಣಿದಿರುತ್ತಿದ್ದರು, ಚೌಡಪ್ಪ ಎಡಕ್ಕೆ ಸರಿದಿದ್ದರೆ ದಸ್ತಗೀರ ಒಂದು ಹೆಜ್ಜೆ ಒಳಗೆ ಬರುತ್ತಿದ್ದ, ಅವನು ತಲೆ ತಗ್ಗಿಸಿದ್ದರೆ ಇವನು ಕೆಳಗಿನಿಂದ ಎತ್ತುತ್ತಿದ್ದ. ಜನ ಕುರ್ಚಿಯ ತುದಿಗೆ ಬಂದರು. ತಿಪ್ಪೇಶಿಯ ಕುತ್ತಿಗೆಯ ನರ ಉಬ್ಬಿತು, ಕೈಯೂ ಎದ್ದಿತು, ವಾಕ್ಯ ಗಿಡ್ಡವಾಗತೊಡಗಿತು. "ಒಳಗೆ ಬಂದಿದ್ದರೆ ಚೌಡಪ್ಪ ಹಿಂದೆ ಸರೀತಿದ್ದ. ಹಿಂದೆ ಹಗ್ಗ. ಬೆನ್ನು ಹಗ್ಗಕ್ಕೆ ತಾಗ್ತಿತ್ತು. ಕೈ ಕೆಳಗೆ. ಮುಖ ತೆರೆದಿದೆ. ದಸ್ತಗೀರನ ಬಲಗೈ..."

ತೆರೆದಿದೆ ಅಂದಾಗಲೇ ಕೆಂಚಪ್ಪನ ಪೀಪಿ ಬಾಯಿಗೆ ಹೋಗಿತ್ತು. ತಿಪ್ಪೇಶಿಯ ಬಾಯಿಯ ಆಕಾರ ನೋಡಿಯೇ ಮುಂದಿನದು ರೆ ಅಲ್ಲ ಎಂದು ನನಗೆ ಗೊತ್ತಾಯಿತು. ಬುದ್ಧಿ ಬಂದಾಗಿನಿಂದ ಇಂಥ ಬಾಯಿಗಳಿಂದ ಬಂದದ್ದನ್ನು ನಾನು ಒರೆಸಿದ್ದೇನೆ. ಓಡಿದೆ. ಕಟ್ಟೆಗೆ ಮೂರು ಮೆಟ್ಟಿಲು. ತಿಪ್ಪೇಶಿಯ ಎದೆಗೆ ಭುಜ ಕೊಟ್ಟು ತಳ್ಳಿದೆ, ಅವನು ಮಾತಿನ ಸಮೇತ ಕೆಳಗೆ ಚಾಪೆಯ ಮೇಲೆ ಹೋಗಿ ಕೂತ. ಜನಕ್ಕೆ ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಮೇಷ್ಟ್ರು ಮಾತ್ರ ಎದ್ದು ನಿಂತು, ಚೌಡಪ್ಪನ ಮಗಳಿಗೂ ಮಾತಾಡುವ ಹಕ್ಕಿದೆ, ಕೇಳೋಣ ಎಂದು ಕೈ ಮಾಡಿ ಸಭೆಯನ್ನು ಕೂರಿಸಿದರು.

ನಾನು ಹೇಳಿದೆ. ಚೌಡಪ್ಪ, ದಸ್ತಗೀರ ಇಬ್ಬರೂ ಹಗ್ಗದೊಳಗೆ ಬಂದು ನಿಂತರು. ಕೆಂಚಪ್ಪ ಪೀಪಿ ಊದಿದ. ಗ್ಲೌಸು ಇರಲಿಲ್ಲ. ಮತ್ತೆ ಪೀಪಿ.

"ಊದಬೇಡ ಕೆಂಚಣ್ಣ," ಅಂದೆ. "ಇದು ನಡೆದದ್ದು. ನಡೆದದ್ದಕ್ಕೆ ರೆ ಬೇಡ."

ಕೆಂಚಪ್ಪ ಪೀಪಿ ಇಳಿಸಿದ. ನಾನು ಮುಂದುವರಿಸಿದೆ. ಗ್ಲೌಸು ಎಲ್ಲಿ ಎಂದು ಕೇಳಿದರು. ಮೊದಲ ಸಾಲಿನಿಂದ ಪಾಲಾಕ್ಷ ಮೇಷ್ಟ್ರು ಎದ್ದು, ಕೈ ಇದೆಯಲ್ಲ, ಸಾಲದಾ ಅಂದರು. ಎಲ್ಲರೂ ನಕ್ಕರು. ಅವರು ಹಗ್ಗ ಎತ್ತಿ ಇಳಿದರು. ಮೈದಾನದಲ್ಲಿ ಆವತ್ತು ನಕ್ಕವರು ಈಗ ನೆಲ ನೋಡುತ್ತಿದ್ದರು. ನಾನು ಅಲ್ಲಿಗೆ ನಿಲ್ಲಿಸಬೇಕಾಗಿತ್ತು. ಸತ್ಯ ಅಷ್ಟೇ ಇದ್ದದ್ದು. ಆದರೆ ಮೇಷ್ಟ್ರು ನೆಲ ನೋಡಲಿಲ್ಲ. ತಲೆಯನ್ನು ಒಂದು ಕಡೆಗೆ ವಾಲಿಸಿ, ವಿದ್ಯಾರ್ಥಿನಿಯ ಉಚ್ಚಾರ ಮೆಚ್ಚಿಕೊಂಡವರ ಹಾಗೆ ಮುಗುಳ್ನಗುತ್ತಿದ್ದರು. ಸರಿ, ಇದೂ ಒಂದು ವಾದ, ಎಂಬಂತೆ.

"ಇಳಿದವರು ಮನೆಗೆ ಹೋಗಲಿಲ್ಲ," ಅಂದೆ. "ಇಬ್ಬರೂ ಮೊದಲ ಸಾಲಿಗೆ ಬಂದರು."

ಕೆಂಚಪ್ಪ ಪೀಪಿ ಹುಡುಕಿದ, ಅದು ಅವನ ಕೈಯಲ್ಲೇ ಇತ್ತು. ಆ ಸಾಲಿನ ಕುರ್ಚಿಗಳು ಒಟ್ಟಿಗೇ ಕಿರುಗುಟ್ಟಿದವು.

"ಪಾಲಾಕ್ಷ ಮೇಷ್ಟ್ರ ಮುಂದೆ ನಿಂತರು."

ಮೇಷ್ಟ್ರ ಮುಖದ ಮೇಲೆ ನೆರಳು ಬಿತ್ತು. ಎದುರಿಗೆ ಯಾರೂ ಇರಲಿಲ್ಲ, ಬಿಸಿಲು ನೆತ್ತಿಯಿಂದ ಇಳಿಯುತ್ತಿತ್ತು, ಆದರೂ ಎರಡು ದೊಡ್ಡ ಮೈಗಳ ನೆರಳು ಅವರ ಬಿಳಿ ಅಂಗಿಯ ಮೇಲೆ ಬಿದ್ದದ್ದನ್ನು ಸಭೆಯೆಲ್ಲ ನೋಡಿತು. ಅವರ ಕೈ ದವಡೆಗೆ ಹೋಯಿತು. ರೆ ಹಾಕಮ್ಮ, ರೆ ಹಾಕು, ಎಂದು ಹಿಂದಿನಿಂದ ಯಾರೋ ಅಂದರು. ಆಮೇಲೆ ಹತ್ತಾರು ದನಿ. ಹೆಂಗಸರು ಮಕ್ಕಳ ಕಿವಿ ಮುಚ್ಚಿದರು.

"ಚೌಡಪ್ಪ ಕೈ ಎತ್ತಿದ."

ಇನ್ನು ಒಂದೇ ಪದ ಬಾಕಿಯಿತ್ತು. ಮೂರೇ ಅಕ್ಷರ. ನಾಲಿಗೆಯ ತುದಿಯಲ್ಲಿ ಅದರ ರುಚಿ ಸಿಕ್ಕಿತು, ಬೆಲ್ಲದ ಹಾಗಿತ್ತು. ತಿಪ್ಪೇಶಿಗೆ ರೆ ಹಾಕಲು ಯಾಕೆ ಮನಸ್ಸು ಬರಲಿಲ್ಲ ಎಂಬುದು ಆಗ ನನಗೆ ಅರ್ಥವಾಯಿತು, ಮತ್ತು ಅರ್ಥವಾದದ್ದಕ್ಕೆ ಮೈಯೆಲ್ಲ ಉರಿಯಿತು. ಬಾಯಿ ಮುಚ್ಚಿಕೊಂಡೆ. ಮುಂದಿನ ಮಾತು ನನ್ನ ಹತ್ತಿರ ಇರಲಿ, ಬೇಕಾದಾಗ ಹೇಳುತ್ತೇನೆ ಅಂದು ಮೆಟ್ಟಿಲು ಇಳಿದೆ. ಜನ ತಾವಾಗಿ ದಾರಿ ಬಿಟ್ಟರು. ಗೆದ್ದೆ ಎಂದುಕೊಂಡು ಹೆಂಚಿನ ಕಾರ್ಖಾನೆಯ ಬೀದಿಯವರೆಗೂ ತಲೆ ಎತ್ತಿಕೊಂಡೇ ನಡೆದೆ.

ಖಮರ್ ಬಾಗಿಲಲ್ಲೇ ಕಾಯುತ್ತಿದ್ದಳು. ಟವೆಲು ಕಚ್ಚಿಕೊಂಡು ಕೂತಿದ್ದ ಇಬ್ಬರೂ ಇದ್ದಕ್ಕಿದ್ದಂತೆ ಎದ್ದು ಮೂರು ಹೆಜ್ಜೆ ನಡೆದು ಗೋಡೆಯ ಮುಂದೆ ನಿಂತುಬಿಟ್ಟರು ಅಂದಳು. ಒಳಗೆ ಹೋದೆ. ದಸ್ತಗೀರ ಹಾಸಿಗೆಗೆ ವಾಪಸು ಬಂದು ಕೂತಿದ್ದ. ಅಪ್ಪ ಗೋಡೆಗೆ ಮುಖ ಮಾಡಿ ನಿಂತೇ ಇದ್ದ. ಅವನ ಬಲಗೈ ಮುಷ್ಟಿ ಕಟ್ಟಿಕೊಂಡು ಕಿವಿಯ ಎತ್ತರಕ್ಕೆ ಎದ್ದಿತ್ತು. ಕೆಳಗಿಳಿಸಲು ಕಾಂಪೌಂಡರು ಎರಡೂ ಕೈಯಲ್ಲಿ ಜಗ್ಗುತ್ತಿದ್ದರು, ಅದು ಇಳಿಯುತ್ತಿರಲಿಲ್ಲ. ಎಪ್ಪತ್ತೆರಡು ವರ್ಷದ ಭುಜ ಥರಥರ ನಡುಗುತ್ತಿತ್ತು. ಇಂಚರ ಅಜ್ಜನ ಮೊಣಕೈ ಕೆಳಗೆ ತನ್ನ ತಲೆ ಕೊಟ್ಟು ಆಸರೆ ನಿಂತಿದ್ದಳು.

ಅಪ್ಪ ತಿರುಗಿ ನೋಡಲಿಲ್ಲ. ನನ್ನ ಹೆಜ್ಜೆ ಅವನಿಗೆ ಗೊತ್ತು.

"ಆವತ್ತು ಸಾವಿರಾರು ಜನ ಹೇಳಿದ್ರೂ ಈ ಕೈ ಎತ್ತಲಿಲ್ಲ ನಾನು," ಅಂದ. "ಇವತ್ತು ನೀನು ಎತ್ತಿಸ್ದೆ. ನನ್ನ ಕೇಳಿದ್ಯಾ?"

ಅವನಿಗಾಗಿಯೇ ಎಂದು ಹೇಳಬಹುದಿತ್ತು, ಪಾಲಾಕ್ಷ ಮೇಷ್ಟ್ರೂ ಅದನ್ನೇ ಹೇಳಿದ್ದರು. ಇದುವರೆಗೆ ಅವನ ಮೈಗೆ ಬಿದ್ದದ್ದೆಲ್ಲ ಬೇರೆಯವರ ಕೈ. ಅವನ ಸ್ವಂತ ಕೈಯನ್ನು ಅವನಿಂದ ಕಿತ್ತುಕೊಂಡವಳು ಅವನ ಮಗಳು. ಇಂಚರ ತಲೆ ಅಲುಗಿಸದೆ, ಕಣ್ಣು ಮಾತ್ರ ಹೊರಳಿಸಿ ನನ್ನನ್ನು ನೋಡುತ್ತಿದ್ದಳು. ನಾನು ಚಪ್ಪಲಿ ಕೂಡ ಮೆಟ್ಟದೆ ತಿರುಗಿ ನಡೆದೆ.

ಕಟ್ಟೆಯ ಮುಂದಿನಿಂದ ಒಬ್ಬರೂ ಕದಲಿರಲಿಲ್ಲ. ಎತ್ತಿದ ಕೈಯ ಕೆಳಗಿನಿಂದ ಎದ್ದು ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಮೇಷ್ಟ್ರು ಎರಡೂ ಕೈಯಿಂದ ದವಡೆ ಹಿಡಿದುಕೊಂಡು, ಕಣ್ಣು ಮುಚ್ಚಿ ಕೂತಿದ್ದರು, ಅಂಗಿ ಬೆನ್ನಿಗೆ ಅಂಟಿತ್ತು. ನಾನು ಮೂರು ಮೆಟ್ಟಿಲು ಹತ್ತಿದೆ. ಅವರು ಕಣ್ಣು ತೆರೆದು ನನ್ನನ್ನು ನೋಡಿದ ನೋಟ ನನಗೆ ಬಹಳ ಪರಿಚಯದ್ದು. ಭಾನುವಾರ ಎರಡೂಮುಕ್ಕಾಲಿಗೆ ಕನ್ನಡಕ ಕೊಡುವಾಗ ಅಪ್ಪ ಹಾಗೆ ನೋಡುತ್ತಿದ್ದ.

"ಚೌಡಪ್ಪ ಕೈ ಇಳಿಸಿದ," ಅಂದೆ. "ಇಬ್ಬರೂ ಮನೆಗೆ ಹೋದರು. ಪಂದ್ಯ ಮುಗಿಯಿತು."

ಹತ್ತು ನಿಮಿಷದ ಆಚೆ ಒಂದು ಕೈ ಇಳಿದದ್ದನ್ನು ಖಮರ್ ನೋಡಿದಳು. ಇಲ್ಲಿ ಒಂಬತ್ತು ಜನ ಒಟ್ಟಿಗೆ ಉಸಿರು ಬಿಟ್ಟದ್ದನ್ನು ನಾನು ಕೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ.

ಅಪ್ಪ ನನ್ನ ಜೊತೆ ಎರಡು ತಿಂಗಳು ಮಾತಾಡಲಿಲ್ಲ. ಈಗ ಆಡುತ್ತಾನೆ, ಅನ್ನ, ಸಾರು, ಲುಂಗಿ ಒಣಗಿದೆಯಾ, ಇಷ್ಟು. ಭಾನುವಾರ ಇಸ್ತ್ರಿ ಅಂಗಿ ಹಾಕಿಕೊಂಡು ದಸ್ತಗೀರನ ಮನೆಗೆ ಹೋಗುತ್ತಾನೆ. ಕನ್ನಡಕ ಹಾಕಿಕೊಂಡೇ ಹೋಗುತ್ತಾನೆ. ಸೋಮವಾರ ಬಾಳೆಹಣ್ಣು ಬರುವುದು ನಿಂತಿದೆ. ಕಲ್ಲನ್ನು ಊರಬಾಗಿಲಿಗೆ ನಿಲ್ಲಿಸಿದರು, ಅದರ ಮೇಲೆ ಹೆಸರಿನ ಜಾಗ ಖಾಲಿ ಬಿಟ್ಟಿದ್ದಾರೆ.

ವಾದ ನಿಂತಿತು ಎಂದು ನೀವು ತಿಳಿದಿದ್ದರೆ ನಿಮಗೆ ನಮ್ಮ ಊರು ಗೊತ್ತಿಲ್ಲ. ಮುಂದಿನ ಭಾನುವಾರವೇ ಕುರ್ಚಿ ಹಾಕಿದರು, ಗಂಟೆ ಬಾರಿಸಿದರು. ಈಗಿನ ವಿಷಯ ಇದು: ಚೌಡಪ್ಪ ಕೈ ಇಳಿಸದೆ ಇದ್ದಿದ್ದರೆ ಮೊದಲ ಸಾಲಿನಲ್ಲಿ ಯಾರ ದವಡೆ ಮುರಿಯುತ್ತಿತ್ತು? ತಿಪ್ಪೇಶಿ ಮಾತಾಡುತ್ತಾನೆ, ಮೇಷ್ಟ್ರು ಮಾತಾಡುತ್ತಾರೆ, ನರ ಉಬ್ಬುತ್ತದೆ, ಕೈ ಏಳುತ್ತದೆ, ಗಂಟಲು ಹರಿಯುತ್ತದೆ. ಹೊಡೆದಿದ್ದರೆ, ತಾಗಿದ್ದರೆ, ಮುರಿದಿದ್ದರೆ. ಪ್ರತಿಯೊಂದು ರೆಯನ್ನೂ ಬಿಡಿಸಿ, ಒತ್ತಿ, ಮೊದಲನೇ ತರಗತಿಯ ಮಕ್ಕಳ ಹಾಗೆ ಹೇಳುತ್ತಾರೆ. ಕೆಂಚಪ್ಪನ ಪೀಪಿಯೊಳಗೆ ಜೇಡ ಬಲೆ ಕಟ್ಟಿದೆ. ಇಷ್ಟು ತಿಂಗಳಾಯಿತು, ಒಂದು ಸಲವೂ, ಒಬ್ಬನ ಬಾಯಿಯೂ ತಪ್ಪಿಲ್ಲ.

ರೆ ಹಾಕುವುದು ಬರುತ್ತಿತ್ತು ಅವರಿಗೆ. ಮೊದಲಿನಿಂದಲೂ ಬರುತ್ತಿತ್ತು.